ಗ್ಯಾರಂಟಿಯ ಮೋಟರೂ ಸತ್ಯವ್ವನ ಭಂಡಾರವೂ

ಚಿಂತೆ ಬೇಕಾದವರು ಒಂದೋ ಕೋರ್ಟಿನ ಮೆಟ್ಟಿಲು ಹತ್ತಬೇಕು, ಇಲ್ಲವೇ ಮನೆ ಕಟ್ಟಿಸಬೇಕು ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದರು. ಪಾಪ, ಅವರ ಕಾಲದಲ್ಲಿ ಗ್ಯಾರಂಟಿ ಇರಲಿಲ್ಲ. ಹುಬ್ಬಳ್ಳಿಯ ನಮ್ಮ ಓಣಿಗೆ ಅದು ಬಂದದ್ದು ಉಪ್ಪಿನ ಸತ್ಯಾಗ್ರಹದ ಮರುವರ್ಷ, ಕಂಬಳಿ ವ್ಯಾಪಾರಿ ಫಕೀರಪ್ಪನ ಮೋಟರಿನ ಜೊತೆ. ಮೋಟರು ಓಣಿಯ ಬಾಯಿಯಲ್ಲೇ ಗಟಾರಕ್ಕೆ ಹಿಂದಿನ ಗಾಲಿ ಇಳಿಸಿಕೊಂಡು ನಿಂತಿತು. ಗ್ಯಾರಂಟಿಯ ಕಾಗದ ಮಾತ್ರ ಫಕೀರಪ್ಪನ ಒಳಕಿಸೆಯಲ್ಲಿ ನೆಟ್ಟಗೆ ಮನೆಯೊಳಗೆ ಹೋಗಿ, ದೇವರ ಗೂಡಿನ ಪಕ್ಕದಲ್ಲಿ ಕಟ್ಟು ಹಾಕಿಸಿಕೊಂಡು ಕೂತಿತು.

ಆ ಕಾಗದ ಇಲ್ಲದಿದ್ದರೆ ಮೋಟರೇ ಬರುತ್ತಿರಲಿಲ್ಲ. ಫಕೀರಪ್ಪನ ತಾಯಿ ಸತ್ಯವ್ವ ತನ್ನ ಕುರಿಹಿಂಡನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಿಂತ ಒಂದು ಗೇಣು ಮೇಲೆ ಇಟ್ಟವಳು. ಹಿಂಡು ಮಾರಿ ಮೋಟರು ತರುತ್ತೇನೆಂದು ಮಗ ಅಂದಾಗ ಆಕೆ ಊಟ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ಕುರಿ ತುಪ್ಪಟ ಕೊಡತೈತಿ, ಮರಿ ಹಾಕತೈತಿ. ನಿನ್ನ ಮೋಟರ ಏನ ಹಾಕತೈತೋ?" ಎಂದು ಗೋಡೆಗೆ ಕೇಳಿದಳು.

"ಯವ್ವಾ, ಕುರಿ ಸತ್ರ ಯಾರನ್ನ ಕೇಳತಿ? ಬೀರಪ್ಪನ್ನ ಕೇಳತಿ. ಅಂವ ಸತ್ತ ಕುರಿ ತಿರಗಿ ಕೊಟ್ಟಾನೇನು? ಇದು ವರಸದಾಗ ಕೆಟ್ರ ಕಂಪನಿಯವರು ಹೊಸಾದು ಹಾಕಿಕೊಡತಾರ. ಇಲ್ಲಿ ನೋಡು, ಸಿಕ್ಕಾ ಹೊಡದ ಕೊಟ್ಟಾರ!"

ಸತ್ಯವ್ವ ಈ ಕಡೆ ಹೊರಳಿ ಸಿಕ್ಕಾದ, ಅಂದರೆ ಕಂಪನಿಯ ಮುದ್ರೆಯ, ಮೇಲೆ ಬೆರಳಾಡಿಸಿದಳು. ಮನೆದೇವರಾದ ಬೀರಪ್ಪ ಇಷ್ಟು ವರ್ಷದಲ್ಲಿ ಒಂದು ಸಲವೂ ಬರೆದು ಕೊಟ್ಟಿರಲಿಲ್ಲ.

"ಆಗಲಿ. ಆದರ ಈ ಕಾಗದ ಸುಳ್ಳಾತಂದ್ರ ನನ್ನ ಕುರಿ ನನಗ ತಂದ ನಿಲ್ಲಸಬೇಕು ನೋಡು. ಎಲ್ಲಾ. ಆ ಕುಂಟ ಟಗರು ಸುದ್ದಾ!"

ಹಿಂಡು ಗರಗ ಎಂಬ ಊರಿನವರ ಪಾಲಾಯಿತು. ಕುಂಟ ಟಗರನ್ನು ಗರಗದವರು ಅದು ಬಂದ ವಾರವೇ ಉಂಡು ಕೈ ತೊಳೆದಿದ್ದರು. ಈ ಸಂಗತಿ ಫಕೀರಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಸತ್ಯವ್ವನಿಗೆ ಗೊತ್ತಿರಲಿಲ್ಲ. ಆದ್ದರಿಂದ ಆ ವರ್ಷವಿಡೀ ಫಕೀರಪ್ಪ ಕಾಯುತ್ತಿದ್ದದ್ದು ಮೋಟರನ್ನಲ್ಲ, ಅರಗಿಹೋದ ಟಗರನ್ನು.

ಕಾಗದ ಇಂಗ್ಲಿಷಿನಲ್ಲಿದ್ದುದರಿಂದ, ಕೊಳ್ಳುವ ದಿನ ಸಾಲಿ ಮಾಸ್ತರನಾದ ನನ್ನನ್ನು ಮೋಟರು ಮಾರುವ ಏಜೆನ್ಸಿಗೆ ಕರೆದುಕೊಂಡು ಹೋಗಿದ್ದರು. ಆದರೆ ನನಗೆ ಓದಲು ಅವಕಾಶ ಸಿಗಲಿಲ್ಲ. ಮ್ಯಾನೇಜರ ಯಜ್ಞೇಶ್ವರರಾಯರು ಕನ್ನಡಕ ಒರೆಸುತ್ತ ಬಾಯಿಯಿಂದಲೇ ಸಾರ ಹೇಳಿಬಿಟ್ಟರು.

"ನೋಡ್ರಿ ಫಕೀರಪ್ಪನವರ, ನೀವು ಪೆಟ್ರೋಲ್ ಹಾಕಬಹುದು, ನೀರು ಹಾಕಬಹುದು. ಬಾಕಿ ಎಲ್ಲಾ ನಮ್ಮ ಫಿಟ್ಟರ ಕಾಸಿಮಸಾಬನ ಕೈಲೇನ ಆಗಬೇಕು. ಬ್ಯಾರೆ ಯಾರರೆ ಪಾನಾ ಹಚ್ಚಿದ್ರೋ, ಗ್ಯಾರಂಟಿ ಖಲಾಸ್. ಬಿಚ್ಚೋ ಜಾಗಾದಾಗೆಲ್ಲಾ ಸೀಸದ ಮುದ್ರೆ ಹಾಕೇವಿ. ಕಿರೀಟದ ಮುದ್ರೆ. ಒಂದು ಒಡದಿದ್ರೂ ಮುಗೀತು."

ರಾಯರು ಅಂದದ್ದು ಪಾನಾ, ಅಂದರೆ ಬೋಲ್ಟು ತಿರುಗಿಸುವ ಸ್ಪ್ಯಾನರು, ಹಚ್ಚಬಾರದು ಎಂದು. ಫಕೀರಪ್ಪ ಎಚ್ಚರದ ಮನುಷ್ಯ, ಮುಟ್ಟಲೇಬಾರದು ಎಂದು ತಿಳಿದ. ಅಂಗಡಿಯ ಅತ್ಯುತ್ತಮ ಕಂಬಳಿ ಮೋಟರಿನ ಮೇಲೆ ಬಿತ್ತು. ಧೂಳನ್ನು ದೂರದಿಂದ ಬೀಸಣಿಗೆಯಲ್ಲಿ ಹಾರಿಸುವುದಾಯಿತು. ಎದುರು ಮನೆಯ ರೆಹಮತ್‌ಬಿಯ ಕೋಳಿ ಒಂದು ದಿನ ಮೋಟರಿನ ಮೂತಿಯ ಮೇಲೆ ಕೂತು ಎದ್ದುಹೋದದ್ದೇ ತಡ, ಫಕೀರಪ್ಪ ನನ್ನನ್ನು ಎಳೆದುಕೊಂಡು ಏಜೆನ್ಸಿಗೆ ಓಡಿದ.

"ಕೋಳಿ ಪಾನಾ ಹಚ್ಚಿಲ್ಲಲಾ?" ಎಂದು ರಾಯರು ವಿಚಾರಿಸಿದರು.

"ಕೊಕ್ಕಿಲೆ ಎರಡ ಸಲ ಕುಟುಕೇತ್ರಿ."

ರಾಯರು ಗಂಭೀರವಾಗಿ, ಮೋಟರು ತಂದು ತೋರಿಸಿಕೊಂಡು ಹೋಗುವುದು ಲೇಸೆಂದರು. ಮುಂದೆ ಸೀಟಿನ ಕೆಳಗೆ ಏನೋ ಖಣಖಣ ಸದ್ದಾಗತೊಡಗಿದಾಗಲೂ ಮೋಟರು ಏಜೆನ್ಸಿಗೆ ಹೋಯಿತು. ಅರ್ಧ ದಿನದ ಪರೀಕ್ಷೆಯ ನಂತರ ಕಾಸಿಮಸಾಬ ಸತ್ಯವ್ವನ ಅಡಕೊತ್ತನ್ನು ಹೊರತೆಗೆದು, ಮೂಲವ್ಯಾಧಿಗೆ ಶಸ್ತ್ರಕ್ರಿಯೆ ಮಾಡಿದ ಡಾಕ್ಟರನಂತೆ ಎತ್ತಿ ತೋರಿಸಿದ. ಹೋದಾಗಲೆಲ್ಲ ಆತ ಮೋಟರಿನ ಸುತ್ತ ತಾಡಪತ್ರಿಯ ಪರದೆ ಎಳೆಯುತ್ತಿದ್ದ. ಇಂಗ್ಲಿಷ್ ಚೀಟಿ ಅಂಟಿಸಿದ ಒಂದು ಡಬ್ಬಿ ಹಿಡಿದು ಒಳಗೆ ಹೋಗುತ್ತಿದ್ದ.

"ಅದೇನ್ರಿ?" ಎಂದು ಫಕೀರಪ್ಪ ಕೇಳಿದ್ದಕ್ಕೆ, "ನೀರಿನ ಪೆಟ್ಟಿಗಿಗೆ ವಿಲಾಯತಿ ಔಷಧರೀ. ಮಾಲಕರು ನೋಡಬಾರದು" ಎಂದಿದ್ದ. ಫಕೀರಪ್ಪ ಆ ಕಡೆ ಬೆನ್ನು ಮಾಡಿ ನಿಂತಿದ್ದ.

ಇದನ್ನೆಲ್ಲ ನೋಡಿ ಸಂಕಟಪಡುತ್ತಿದ್ದವನೆಂದರೆ ಪಕ್ಕದ ಮನೆಯ ಗಂಗಪ್ಪ. ಆತನದು ಹಿಟ್ಟಿನ ಗಿರಣಿ. ಗಿರಣಿಯ ಎಂಜಿನನ್ನು ವಾರಕ್ಕೊಮ್ಮೆ ತಾನೇ ಬಿಚ್ಚಿ ತಾನೇ ಜೋಡಿಸುವುದು ಆತನ ವ್ರತ. ಜೋಡಿಸಿದ ಮೇಲೆ ಪ್ರತಿ ಸಲವೂ ಒಂದೆರಡು ಬೋಲ್ಟು ಉಳಿಯುತ್ತಿದ್ದವು. ಅವನ್ನು ಕಂಪನಿಯವರು ಸುಮ್ಮನೆ ಹೆಚ್ಚಿಗೆ ಹಾಕಿದ್ದೆಂದು ಆತ ಗೂಡಿನಲ್ಲಿಡುತ್ತಿದ್ದ.

"ತನ್ನ ಗಾಡಿ ತಾ ಬಿಚ್ಚಲಾರದಂವ ಮಂದಿ ಎಮ್ಮಿ ಕಾಯಾಂವ ಇದ್ದಂಗ" ಎಂದು ಗಂಗಪ್ಪ ಕಟ್ಟೆಯ ಮೇಲೆ ಕೂತು ಕೇಳಿಸುವಂತೆ ಹೇಳುತ್ತಿದ್ದ. "ಹಾಲು ಅವರಿಗೆ, ಶಗಣಿ ಇವಗ."

ಫಕೀರಪ್ಪ ಬೀಸಣಿಗೆ ಎತ್ತಿಕೊಂಡು ಧೂಳು ಹಾರಿಸುತ್ತಿದ್ದ. ಆದರೆ ವರ್ಷ ಮುಗಿದ ಮರುದಿನ ತನ್ನ ಮೋಟರಿನ ಒಂದು ಬೋಲ್ಟನ್ನಾದರೂ ತನ್ನ ಕೈಯಿಂದಲೇ ತಿರುಗಿಸಬೇಕೆಂಬ ಆಸೆ ಆತನಿಗೂ ಇತ್ತು. ನನ್ನೊಬ್ಬನಿಗೆ ಹೇಳಿದ್ದ. ಯಾವ ಬೋಲ್ಟು ಎಂಬುದನ್ನೂ ಆರಿಸಿ ಇಟ್ಟಿದ್ದ. ಎಡಗಡೆಯದು, ನೀರಿನ ಪೆಟ್ಟಿಗೆಯ ಪಕ್ಕದ್ದು.

ವರ್ಷದ ಕೊನೆಯ ತಪಾಸಣೆ ಬರುವ ಗುರುವಾರ ಇದೆ ಎನ್ನುವಾಗ, ಸತ್ಯವ್ವನನ್ನು ಕೂರಿಸಿಕೊಂಡು ಧಾರವಾಡಕ್ಕೆ ಹೋಗಿಬಂದೆವು. ಬರುವಾಗ ಸತ್ತೂರ ದಾಟುವ ಮೊದಲೇ ಮೋಟರಿನ ಮೂತಿಯಿಂದ ಹೊಗೆ ಎದ್ದಿತು. ಇಳಿದು ನೋಡಿದರೆ ನೀರಿನ ಪೆಟ್ಟಿಗೆಯ ಕೆಳಗಿಂದ ಹನಿಹನಿ ತೊಟ್ಟಿಕ್ಕುತ್ತಿತ್ತು. ಫಕೀರಪ್ಪ ಕಂಬಳಿಯ ತುದಿಯಿಂದ ಮೇಲಿನ ಮುಚ್ಚಳ ತೆಗೆದು, ಆರಲೆಂದು ಬಿಟ್ಟು, ಬಾವಿಯ ಕಡೆ ಕೊಡಪಾನ ಹಿಡಿದು ಓಡಿದ.

"ಅಯ್ಯ, ಅಳಾಕತ್ತೈತೆಲ್ಲೋ ಮಾಸ್ತರ!" ಎಂದು ಸತ್ಯವ್ವ ಇಳಿದು ಬಂದಳು.

ಬೀರಪ್ಪನ ಭಕ್ತರು ಎಲ್ಲಿಗೆ ಹೋದರೂ ಸೊಂಟದಲ್ಲಿ ಭಂಡಾರದ ಚೀಲ ಇರುತ್ತದೆ. ಭಂಡಾರವೆಂದರೆ ದೇವರ ಅರಿಷಿಣದ ಪುಡಿ. ಕುರಿ ಕೆಮ್ಮಿದರೆ ಹಣೆಗೆ, ಮಗು ಬೆದರಿದರೆ ನಾಲಿಗೆಗೆ. ಮೋಟರಿನ ಹಣೆ ಯಾವುದೆಂದು ಸತ್ಯವ್ವನಿಗೆ ಗೊತ್ತಿರಲಿಲ್ಲ, ಬಾಯಿ ಮಾತ್ರ ಎದುರಿಗೇ ತೆರೆದಿತ್ತು. ನಾನು "ಏ ಯವ್ವಾ" ಅನ್ನುವುದರೊಳಗೆ ಚೀಲ ಖಾಲಿಯಾಗಿತ್ತು.

ಫಕೀರಪ್ಪ ನೀರು ತಂದು ಹೊಯ್ದ. ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಕ್ಕುವುದು ನಿಂತೇಬಿಟ್ಟಿತು.

"ನೋಡಿದೇನೋ? ಬೀರಪ್ಪನ ಭಂಡಾರ!" ಎಂದಳು ತಾಯಿ.

ಫಕೀರಪ್ಪ ಪೆಟ್ಟಿಗೆಯ ಬಾಯೊಳಗೆ ಬಗ್ಗಿ ಹಳದಿ ನೀರು ನೋಡಿದ. ಬಳಿಕ ನನ್ನ ಕಡೆ ನೋಡಿದ. ಆ ಮುಖವನ್ನು ನಾನು ಪರೀಕ್ಷೆಯ ಕೋಣೆಯಲ್ಲಿ ಬಹಳ ಸಲ ಕಂಡಿದ್ದೇನೆ.

"ಯವ್ವಾ, ಯಾರೂ ಏನೂ ಮಾಡಬಾರದು ಅಂತ ಹೇಳಿದ್ನೆಲ್ಲಾ..."

"ನೀರು ಹಾಕಾಕ ಅಪ್ಪಣಿ ಐತಿ ಅಂದಿದ್ದಿ. ನೀರಿನ ಬಾಯಾಗ ಹಾಕೇನಿ. ಯಾಕ, ಕಾಗದಕ್ಕ ಏನರೆ ಆತೇನು?"

"ಏನೂ ಆಗಿಲ್ಲ ಬಿಡು" ಎಂದ ಫಕೀರಪ್ಪ, ಲಗೂನೆ. ಆಗಿದೆ ಎಂದರೆ ಕುರಿಗಳ ಮಾತು ಬರುತ್ತಿತ್ತು. ಕೆಡಿಸಿದವಳು ನೀನೇ ಎಂದು ವಾದಿಸಿ ಗೆಲ್ಲಬಹುದಾದ ಕೋರ್ಟು ಆ ಮನೆಯಲ್ಲಿರಲಿಲ್ಲ.

ಸತ್ತೂರಿನಿಂದ ಹುಬ್ಬಳ್ಳಿಯವರೆಗೆ ಮೋಟರು ಹೂವಿನಂತೆ ಬಂತು. ಫಕೀರಪ್ಪ ಮಾತ್ರ ದಾರಿಯುದ್ದಕ್ಕೂ ಬೆವರಿದ. ಗುರುವಾರ ಕಾಸಿಮಸಾಬ ಮುಚ್ಚಳ ತೆಗೆಯುತ್ತಾನೆ, ಅರಿಷಿಣ ಕಾಣುತ್ತದೆ, ಗ್ಯಾರಂಟಿ ಖಲಾಸ್. ಅಷ್ಟರೊಳಗೆ ಅದನ್ನು ತೊಳೆದು ತೆಗೆಯಬೇಕು. ತೊಳೆಯಬೇಕಾದರೆ ಕೆಳಗಿನ ನಲ್ಲಿ ಬಿಚ್ಚಬೇಕು. ಆ ನಲ್ಲಿಗೋ, ಕಿರೀಟದ ಮುದ್ರೆ.

"ಮುದ್ರಿಗೆ ಗೊತ್ತಾಗದಂಗ ಬಿಚ್ಚತೇನಿ, ನೀ ಸುಮ್ಮನಿರು" ಎಂದು ಸುದ್ದಿ ತಿಳಿದ ಗಂಗಪ್ಪ ಮರುದಿನ ಪಾನಾ ಸಮೇತ ಬಂದ. ಆತನ ಮುಖದಲ್ಲಿ ವರ್ಷಗಟ್ಟಲೆ ಉಪವಾಸವಿದ್ದವನಿಗೆ ಎಲೆ ಹಾಕಿದ ಕಳೆಯಿತ್ತು. ಸತ್ಯವ್ವ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಗಂಗಪ್ಪ ಮೋಟರಿನ ಕೆಳಗೆ ತೂರಿಕೊಂಡ. ಟಕ್ ಎಂದು ಸದ್ದಾಯಿತು.

"ಏನಾತು?"

"ಮುದ್ರಿಗೆ ಗೊತ್ತಾತು" ಎಂದ ಗಂಗಪ್ಪ.

ಅದರ ಹಿಂದೆಯೇ ನೀರು ಧುಮುಕಿತು. ಇಬ್ಬರೂ ಮೇಲಿಂದ ಕೊಡಗಟ್ಟಲೆ ಹೊಯ್ದರು, ಕೈ ಹಾಕಿ ಕದಡಿದರು, ಮತ್ತೆ ಹೊಯ್ದರು. ಹಳದಿ ನೀರು ಅಂಗಳ ದಾಟಿ, ಗಟಾರಕ್ಕಿಳಿದು, ಓಣಿಯ ಎಲ್ಲ ಮನೆಗಳ ಮುಂದೆ ಸಾವಕಾಶ ಮೆರವಣಿಗೆ ಹೊರಟಿತು.

ನಮ್ಮ ಓಣಿಯಲ್ಲಿ ಗಟಾರವೇ ವರ್ತಮಾನ ಪತ್ರಿಕೆ. ಯಾರ ಮನೆಯಲ್ಲಿ ಅಕ್ಕಿ ತೊಳೆದರು, ಯಾರ ಮನೆಯಲ್ಲಿ ಬಣ್ಣದ ಸೀರೆ ಹಿಂಡಿದರು ಎಂಬುದೆಲ್ಲ ಅದರಲ್ಲೇ ತಿಳಿಯಬೇಕು. ಅರಿಷಿಣದ ನೀರಿಗೆ ಇರುವುದು ಒಂದೇ ಅರ್ಥ, ಮದುವೆ. ಫಕೀರಪ್ಪನಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ಮನೆಯ ಗಟಾರದಲ್ಲಿ ಅರಿಷಿಣ ಹರಿದರೆ ಮದುಮಗ ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ.

ಫಕೀರಪ್ಪನ ಹೆಂಡತಿ ಹುಲಿಗೆವ್ವ ಸಂತೆಯಿಂದ ಬುಟ್ಟಿ ಹೊತ್ತು ಓಣಿಯೊಳಗೆ ಕಾಲಿಟ್ಟಳು. ರೆಹಮತ್‌ಬಿ ಬಾಗಿಲಿನಲ್ಲೇ ಆಕೆಯ ಕೈ ಹಿಡಿದುಕೊಂಡಳು.

"ಹುಲಿಗೆವ್ವಾ, ಗಟ್ಟಿ ಮನಸು ಮಾಡವಾ. ನಿನಗ ಹೇಳದ ಕೇಳದ ಅರಿಷಿಣ ಹಚ್ಚಾಕತ್ತಾರ."

"ಯಾರಿಗೆ?"

"ಯಾರಿಗೆ ಅಂತೀಯಲ್ಲ! ನಿನ್ನ ಗಂಡಗ."

ಹುಲಿಗೆವ್ವ ಬುಟ್ಟಿಯನ್ನು ಅಲ್ಲಿಯೇ ಇಳಿಸಿ ಅಂಗಳಕ್ಕೆ ಬಂದಳು. ಹಿಂದೆ ಅರ್ಧ ಓಣಿ. ಗಂಡ ಮೋಟರಿಗೆ ಬೆನ್ನು ಹಚ್ಚಿ, ಕೈ ಹಿಂದೆ ಮುಚ್ಚಿಟ್ಟುಕೊಂಡು ನಿಂತಿದ್ದ.

"ಕೈ ತೋರಸ್ರಿ."

ತೋರಿಸಿದ. ಮೊಣಕೈವರೆಗೆ ಹಳದಿ.

"ಯಾರು ಅಕಿ?"

"ಶ್, ಅವ್ವ ಮಲಗ್ಯಾಳ. ಇದು ರೇಡಿಯೇಟರ..."

"ಯಾವ ಊರಾಕಿ?"

"ವಿಲಾಯತಿ" ಎಂದು ಮೋಟರಿನ ಕೆಳಗಿನಿಂದ ಗಂಗಪ್ಪನ ಧ್ವನಿ ಬಂತು. ಹುಲಿಗೆವ್ವ ನೆಲಕ್ಕೆ ಕುಸಿದು ಕೂತಳು.

ಆಕೆಯನ್ನು ಎಬ್ಬಿಸಿ, ಮುಚ್ಚಳ ತೆಗೆದು, ಒಳಗೆ ಹೆಣ್ಣು ಯಾರೂ ಇಲ್ಲವೆಂದು ತೋರಿಸಿ, ಸಂಗತಿಯನ್ನೆಲ್ಲ ಪಿಸುಮಾತಿನಲ್ಲಿ ಹೇಳುವುದರಲ್ಲಿ ಸಾಕುಸಾಕಾಯಿತು. ಪಿಸುಮಾತನ್ನು ಓಣಿಯೂ ಪೂರ್ತಿ ಕೇಳಿಸಿಕೊಂಡಿತು. ಮದುವೆಯಿಲ್ಲವೆಂದು ತಿಳಿದು ಜನ ಸ್ವಲ್ಪ ಬೇಸರದಿಂದಲೇ ಚದುರಿದರು.

ಉಳಿದದ್ದು ಮುದ್ರೆಯ ಪ್ರಶ್ನೆ. ಅದಕ್ಕೂ ಗಂಗಪ್ಪನೇ ದಾರಿ ಹುಡುಕಿದ. ರೇಲ್ವೆಯಲ್ಲಿ ಕಳಿಸುವ ಕಂಬಳಿಯ ದಿಂಡುಗಳಿಗೆ ಫಕೀರಪ್ಪನ ಅಂಗಡಿಯವರು ಸೀಸದ ಮುದ್ರೆ ಒತ್ತುತ್ತಿದ್ದರು. ಸುರುಳಿ ಕೋಡಿನ ಟಗರು ಅವರ ಅಂಗಡಿಯ ಗುರುತು.

"ಅವರದು ಕಿರೀಟ, ನಿಂದು ಟಗರು. ಸೀಸ ಅಂತೂ ಸೀಸನ ಹೌದಿಲ್ಲೋ? ಮೋಟರಿನ ಹೊಟ್ಟಿ ತೆಳಗ ಯಾರು ಬಗ್ಗಿ ನೋಡತಾರು!" ಎಂದು ಆತ ಒತ್ತಿಯೇಬಿಟ್ಟ. ಮಾರಿದ ಹಿಂಡಿನ ಟಗರು ಹೀಗೆ ಮೋಟರಿನ ಕೆಳಗೆ ತಿರುಗಿ ಬಂತು.

ಗುರುವಾರ ಬೆಳಿಗ್ಗೆ ಮೋಟರಿನ ಕೆಳಗೆ ನೀರಿನ ಮಡುವು. ಭಂಡಾರ ಹೋದದ್ದೇ ತಡ, ಸೋರುವುದು ಮೊದಲಾಗಿತ್ತು.

"ಮತ್ತ ಅಳಾಕತ್ತೈತಿ. ಸ್ವಲ್ಪ ಭಂಡಾರ..." ಎಂದು ಸತ್ಯವ್ವ ಸೊಂಟಕ್ಕೆ ಕೈ ಹಾಕಿದಳು.

"ಯವ್ವಾ, ನಿನ್ನ ಕಾಲು ಬೀಳತೇನಿ, ಒಳಗ ಹೋಗು!" ಎಂದು ಫಕೀರಪ್ಪ ಕೈ ಮುಗಿದ. ಅರಿಷಿಣ ಕೈಯಿಂದ ಇನ್ನೂ ಹೋಗಿರಲಿಲ್ಲ. ಹುಣಸೆಹಣ್ಣು, ಬೂದಿ, ಸೀಮೆಎಣ್ಣೆ ಎಲ್ಲ ಆಗಿದ್ದವು. ಕೊನೆಗೆ ಎರಡೂ ಕೈಗಳನ್ನು ಕಿಸೆಯಲ್ಲಿಟ್ಟುಕೊಂಡು ಹೊರಟ. ನಡುದಾರಿಯಲ್ಲಿ ಚಕ್ರ ಹಿಡಿಯಲು ಕೈ ಬೇಕೆಂದು ನಾನೇ ನೆನಪಿಸಬೇಕಾಯಿತು.

ಏಜೆನ್ಸಿಯಲ್ಲಿ ಕಾಸಿಮಸಾಬ ಮುಚ್ಚಳ ತೆಗೆದ, ಬಗ್ಗಿ ನೋಡಿದ, ತಲೆ ಎತ್ತಿ ರಾಯರ ಕಡೆ ನೋಡಿದ. ರಾಯರು ಬಂದು ನೋಡಿದರು. ಅರಿಷಿಣವೆಂಬ ವಸ್ತು ತೊಳೆದಷ್ಟಕ್ಕೆ ಹೋಗುವಂಥದಲ್ಲ, ಪೆಟ್ಟಿಗೆಯ ಕಂಠದಲ್ಲಿ ಹಳದಿ ಕಟ್ಟು ಉಳಿದೇ ಇತ್ತು. ಬಳಿಕ ಯಾರೂ ಬಗ್ಗಲಾರರೆಂದು ಗಂಗಪ್ಪ ಹೇಳಿದ ಕಡೆಗೇ ರಾಯರು ಧೋತರ ಎತ್ತಿ ಕಟ್ಟಿ ಬಗ್ಗಿದರು. ಎದ್ದಾಗ ಅವರ ಮುಖ ಬಿಳಿಚಿಕೊಂಡಿತ್ತು. ಫಕೀರಪ್ಪನದು ಅದಕ್ಕೂ ಮೊದಲೇ ಬಿಳಿಚಿತ್ತು.

"ರಾಯರ, ತಪ್ಪಾಗೇತ್ರಿ..." ಎಂದು ಫಕೀರಪ್ಪ ಸುರು ಮಾಡಿದ.

"ಸಣ್ಣಗ ಮಾತಾಡ್ರಿ!" ರಾಯರು ಸುತ್ತ ನೋಡಿದರು. "ಒಳಗ ಬರ್ರಿ. ಮಾಸ್ತರ, ನೀವೂ ಬರ್ರಿ."

ಒಳಗೆ ಬಾಗಿಲು ಹಾಕಿಕೊಂಡು ರಾಯರು ಕೂತರು, ಎದ್ದರು, ಮತ್ತೆ ಕೂತರು.

"ಆ ಮುದ್ರೆ ಯಾರದು?"

"ಅದು... ಟಗರು ರೀ."

"ಟಗರಂತ ಕಾಣ್ತದ್ರಿ. ನಮ್ಮ ಮುದ್ರೆ ಒಡದು, ಒಳಗಿನ ಅರಿಷಿಣ ನೋಡಿ, ಬ್ಯಾರೆ ಮುದ್ರೆ ಹಾಕಿಸೀರಿ. ಪಂಚನಾಮೆ ಆಗ್ಯದ ಅಂದಂಗಾತು. ಸಾಕ್ಷಿ ಯಾರಿದ್ರು?"

ಫಕೀರಪ್ಪನಿಗೆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ಹೆದರಿದ ಮನುಷ್ಯನಾದ್ದರಿಂದ ಖರೇ ಹೇಳಿದ.

"ಇಡೀ ಓಣಿ ಇತ್ತರಿ."

"ಇಡೀ ಓಣಿ! ಅರಿಷಿಣದ ನೀರು ಎಲ್ಲಾರೂ ನೋಡಿದ್ರೇನು?"

"ಗಟಾರದಾಗ ಹರೀತಲ್ರಿ. ನೋಡದ ಏನ ಮಾಡ್ಯಾರು?"

ರಾಯರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. "ಮುಂಬಯಿಗೆ ಬರದೀರೇನು? ಕಂಪನಿ ಸಾಹೇಬರಿಗೆ?"

"ಮುಂಬಯಿಗ್ಯಾಕ ಬರೀಲ್ರಿ? ನಮ್ಮವ್ವಗ ಒಂದ ಗೊತ್ತಾಗಬಾರದು ನೋಡ್ರಿ. ಅಷ್ಟ. ಗೊತ್ತಾದ್ರ ಕುರಿ ತಿರಗಿ ಕೊಡು ಅಂತಾಳ. ಟಗರು ಎಲ್ಲಿಂದ ತರಲಿ ನಾನು?"

ರಾಯರಿಗೆ ಅವ್ವನೂ ತಿಳಿಯಲಿಲ್ಲ, ಕುರಿಯೂ ತಿಳಿಯಲಿಲ್ಲ. ಮುಂಬಯಿಗೆ ಬರೆದಿಲ್ಲ ಎಂಬುದೊಂದು ತಿಳಿಯಿತು. ಎದ್ದು ಬಂದು ಫಕೀರಪ್ಪನ ಎರಡೂ ಹಳದಿ ಕೈಗಳನ್ನು ಹಿಡಿದುಕೊಂಡರು.

"ನೀವು ಭಾಳ ದೊಡ್ಡ ಮನುಷ್ಯಾರಿದ್ದೀರಿ. ಹೊಸಾ ನೀರಿನ ಪೆಟ್ಟಿಗೆ ಇವತ್ತ ಕೂಡಸ್ತೀನಿ. ಒಂದು ದುಡ್ಡು ಬ್ಯಾಡ. ಈ ಅರಿಷಿಣದ ಮಾತು ನಮ್ಮ ನಿಮ್ಮ ನಡುವ ಇರ್ಲಿ. ನಿಮಗ ಸಮಾಧಾನ ಆಗ್ಲಿಲ್ಲಂದ್ರ, ತಗೋರಿ, ಇನ್ನೊಂದು ವರ್ಷದ ಗ್ಯಾರಂಟಿ ನನ್ನ ಕೈಲೆ ಬರದ ಕೊಡ್ತೀನಿ!"

"ಇನ್ನೊಂದು ವರಸ?" ಫಕೀರಪ್ಪನ ಧ್ವನಿ ಸಣ್ಣದಾಯಿತು.

"ಸಾಲದೇನು? ಎರಡು ಮಾಡಲೇನು?"

"ಬ್ಯಾಡ್ರಿ! ಒಂದ ಸಾಕು!"

ಮನೆಗೆ ಬರುವಾಗ ಹೊಸ ಪೆಟ್ಟಿಗೆ ಸೋರುತ್ತದೋ ಇಲ್ಲವೋ ನೋಡಿಕೊಂಡು ಬಾ ಎಂದು ರಾಯರು ಕಾಸಿಮಸಾಬನನ್ನೂ ಜೊತೆಗೆ ಕಳಿಸಿದರು. ಕಟ್ಟೆಯ ಮೇಲೆ ಗಂಗಪ್ಪ ಪಾನಾ ಒರೆಸುತ್ತ ಕೂತಿದ್ದ. ವರ್ಷ ಮುಗಿಯಿತಲ್ಲ, ಫಕೀರಪ್ಪ ಆರಿಸಿಟ್ಟ ಬೋಲ್ಟಿನ ಸುದ್ದಿ ಆತನಿಗೂ ಹೇಗೋ ತಲುಪಿತ್ತು.

"ಕಾಗದ ಉಳೀತೇನೋ?" ಎಂದು ಸತ್ಯವ್ವ ಬಾಗಿಲಿನಿಂದ ಕೇಳಿದಳು.

"ಉಳೀತು ಯವ್ವಾ. ಇನ್ನೊಂದು ವರಸ ಉಳೀತು" ಎಂದ ಫಕೀರಪ್ಪ. ಬೀಗರು ಇನ್ನೂ ಒಂದು ತಿಂಗಳು ಇರುತ್ತಾರಂತೆ ಎಂದು ಹೇಳುವ ಧ್ವನಿಯಲ್ಲಿ ಹೇಳಿದ. ಗಂಗಪ್ಪ ಪಾನಾವನ್ನು ಮೆಲ್ಲಗೆ ಕಿಸೆಗೆ ಇಳಿಬಿಟ್ಟ.

ಹುಲಿಗೆವ್ವ ಚಹಾ ತಂದಳು. ಬಿಸಿ ಚಹಾ ಒಳಗಿಳಿದಂತೆ ಕಾಸಿಮಸಾಬನ ಒಳಗಿದ್ದದ್ದು ಮೇಲೆ ಬಂತು.

"ಫಕೀರಪ್ಪಣ್ಣಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಡಬ್ಬಿಯಾಗ ಅರಿಷಿಣ ಐತಿ ಅಂತ ನಿಮಗ ಹೆಂಗ ಗೊತ್ತಾತು?"

"ಯಾವ ಡಬ್ಬಿ?"

"ಅದರೀ, ವಿಲಾಯತಿ ಔಷಧ. ಆ ಪೆಟ್ಟಿಗಿ ಬಂದ ದಿನದಿಂದ್ಲೂ ಸಣ್ಣಗ ಸೋರ್ತಿತ್ತು. ಬದಲಿ ಪೆಟ್ಟಿಗಿ ಕೇಳಿದ್ರ ಮುಂಬಯಿಯವರು ಬೈತಾರಂತ ರಾಯರು ಅರಿಷಿಣ ಹಾಕಸ್ತಿದ್ರು. ಅರಿಷಿಣ ಹೋಗಿ ತೂತಿನಾಗ ಕುಂದರತೈತಿ. ಚೀಟಿ ಅಷ್ಟ ವಿಲಾಯತಿದು. ಅರಿಷಿಣ ಇಲ್ಲೇ ದುರ್ಗದಬೈಲ ಅಂಗಡೀದು."

ಫಕೀರಪ್ಪ ಒಮ್ಮೆ ತನ್ನ ಹಳದಿ ಕೈ ನೋಡಿಕೊಂಡ, ಒಮ್ಮೆ ದೇವರ ಗೂಡಿನ ಕಡೆ ನೋಡಿದ. ಗಂಗಪ್ಪ ಏನೋ ಹೇಳಲು ಬಾಯಿ ತೆರೆದವನು, ಹೇಳಬೇಕಾದ್ದು ಬಹಳವಾಗಿ, ಎಲ್ಲಿಂದ ಸುರು ಮಾಡಬೇಕೆಂದು ತಿಳಿಯದೆ ಹಾಗೇ ಉಳಿದ.

ಮಾತಾಡಿದವಳು ಸತ್ಯವ್ವ ಒಬ್ಬಳೇ.

"ಕಾಸಿಮಸಾಬ, ಆ ರಾಯರ ಮನಿದೇವರು ಯಾರಪಾ?"

"ನನಗ ಗೊತ್ತಿಲ್ಲಬೇ."

"ಬೀರಪ್ಪನ ಇರಬೇಕು. ಇಲ್ಲಂದ್ರ ಭಂಡಾರದ ಗುಣ ಅವರಿಗೆ ಹೆಂಗ ತಿಳೀತು?" ಎಂದು ಆಕೆ ಮಗನ ಕಡೆ ತಿರುಗಿದಳು. ಮುಖದಲ್ಲಿ ಅಂದಿನವರೆಗೆ ಕಾಣದ ಗೌರವವಿತ್ತು. "ಕಂಪನಿ ಅಂದ್ರ ನಮ್ಮ ಬೀರಪ್ಪನ ಒಕ್ಕಲ ಅಂತ ಮೊದಲ ಹೇಳೂದಲ್ಲೇನೋ ಖೋಡಿ! ಕುರಿ ಮಾರೂ ಮುಂದ ಇಷ್ಟ್ಯಾಕ ಅಳತಿದ್ದೆ ನಾನು? ಇರಲಿ ಬಿಡು. ಆ ಕುಂಟ ಟಗರೊಂದು ಗರಗದಾಗ ಸುಖವಾಗಿರಲಿ."

ಫಕೀರಪ್ಪನ ಎದೆಯ ಮೇಲಿಂದ ಇಡೀ ಹಿಂಡು ಎದ್ದುಹೋದದ್ದು ನಮಗೆಲ್ಲ ಕಣ್ಣಿಗೆ ಕಂಡಿತು. ಸುಖವಾಗಿರಲಿ ಎಂದು ಆತನೂ ಸಣ್ಣ ಧ್ವನಿಯಲ್ಲಿ ಹಾರೈಸಿದ.

ಎಲ್ಲ ಸಮಾಧಾನವಾಯಿತೆಂದು ಕಾಸಿಮಸಾಬನೂ ನಕ್ಕ. ಕುಡಿದು ಮುಗಿಸಿದ ಚಹಾದ ಬಟ್ಟಲನ್ನು ಮೋಟರಿನ ಮೂತಿಯ ಮೇಲಿಟ್ಟು, ಹೊಸ ಪೆಟ್ಟಿಗೆ ನೋಡಲೆಂದು ಮುಚ್ಚಳಕ್ಕೆ ಕೈ ಹಾಕಿದ.

ಹುಬ್ಬಳ್ಳಿಯಲ್ಲಿ ಆ ಮೋಟರನ್ನು ಮುಟ್ಟುವ ಹಕ್ಕು ಇದ್ದ ಏಕಮಾತ್ರ ಪ್ರಾಣಿ ಆತ. ಆದರೂ ಫಕೀರಪ್ಪ ಕಟ್ಟೆಯಿಂದ ಜಿಗಿದು, ಬಟ್ಟಲು ಎತ್ತಿ, ಕಂಬಳಿ ಹೊದಿಸುತ್ತ ಕೂಗಿದ:

"ಏ, ಕೈ ತಗೀರಿ, ಕೈ ತಗೀರಿ! ಗ್ಯಾರಂಟಿ ಐತಿ!"